ಗುಂಡನಿಗೊಂದು ಪತ್ರ, ಫ್ರಾನ್ಸಿನ ವಕೀಲನ ನೆಪದಲ್ಲಿ

ಲೋ ಗುಂಡಾ,

ಫೋನ್ ಮಾಡಿದರೆ ಐದೇ ನಿಮಿಷಕ್ಕೆ ಕ್ರಿಕೆಟ್ಟಿಗೆ ಹೊರಳುತ್ತೀಯ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಮೇಷ್ಟ್ರ ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊನ್ನೆ ರಾತ್ರಿ ನಿದ್ದೆ ಬಾರದೆ ಝಾನ್ ಕಾಲ್ಮಾನ್ ಅನ್ನುವ ಅಜ್ಜಿಯ ಕಥೆ ಓದುತ್ತಾ ಕೂತಿದ್ದೆ. ಫ್ರಾನ್ಸಿನ ಆರ್ಲ್ ಊರಿನವರು. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು. 122 ವರ್ಷ, 164 ದಿನ! ದಾಖಲೆ ಪಕ್ಕಾ ಇರುವವರಲ್ಲಿ ಅಷ್ಟು ಬದುಕಿದವರು ಇನ್ನೊಬ್ಬರಿಲ್ಲ. ಒಬ್ಬಳೇ ಮಗಳು, ಗಂಡ, ಮೊಮ್ಮಗ, ಎಲ್ಲರೂ ಅವರಿಗಿಂತ ಮೊದಲೇ ಹೋದರು.

ಆದರೆ ನನ್ನ ತಲೆಯಲ್ಲಿ ಕೂತದ್ದು ಅಜ್ಜಿಯಲ್ಲ, ವಕೀಲ. ಅಜ್ಜಿಗೆ 90 ಆಗಿದ್ದಾಗ, 1965ರಲ್ಲಿ, ರಾಫ್ರೆ ಅನ್ನುವ 47ರ ಈ ವಕೀಲ ಅವರ ಜೊತೆ ಒಂದು ಕರಾರು ಮಾಡಿಕೊಂಡ. ಅಜ್ಜಿ ಇರುವಷ್ಟು ದಿನ ತಿಂಗಳಿಗೆ 2,500 ಫ್ರಾಂಕ್ ಕೊಡುವುದು, ಕಣ್ಣು ಮುಚ್ಚಿದ ಮೇಲೆ ಅವರ ಮನೆ ಇವನದು. ಲೆಕ್ಕದಲ್ಲಿ ತಪ್ಪೇನಿಲ್ಲ ಕಣೋ. ದೊಡ್ಡವರಾದ ಮೇಲೆ ಸಾಯುವ ಸಾಧ್ಯತೆ ಹೆಚ್ಚುಕಮ್ಮಿ ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. 105 ದಾಟಿದವರಲ್ಲಿ ಈ ಏರಿಕೆ ನಿಲ್ಲುತ್ತದೆ, ಆಮೇಲೆ ವರ್ಷಕ್ಕೊಂದು ಟಾಸ್ ಇದ್ದ ಹಾಗೆ, ಅಂತ 2018ರಲ್ಲಿ ಇಟಲಿಯ ವೃದ್ಧರ ಲೆಕ್ಕ ನೋಡಿದವರು ಹೇಳಿದರು. ಎಲ್ಲರೂ ಒಪ್ಪಿಲ್ಲ. ಒಪ್ಪಿದರೂ 122 ಮುಟ್ಟಲು ಅಲ್ಲಿಂದ 17 ಟಾಸ್ ಸಾಲಾಗಿ ಗೆಲ್ಲಬೇಕು, ಅಂದರೆ 105 ದಾಟಿದ 1.3 ಲಕ್ಷ ಜನರಲ್ಲಿ ಒಬ್ಬರು. ಪಾಪ, ಆ ಒಬ್ಬರೇ ಇವನಿಗೆ ಗಂಟುಬಿದ್ದರು. ಮೂವತ್ತು ವರ್ಷ ದುಡ್ಡು ಕಟ್ಟಿ, ಮನೆಯ ಬೆಲೆಯ ದುಪ್ಪಟ್ಟಿಗೂ ಜಾಸ್ತಿ ಸುರಿದು, 77ನೇ ವಯಸ್ಸಿಗೆ ತಾನೇ ಹೋದ. ಆಮೇಲೂ ಹೆಂಡತಿ ಕಟ್ಟಬೇಕಾಯಿತು.

ಗಟ್ಟಿಯಾಗಿ ನಕ್ಕೆ. ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದರು.

ಅಪ್ಪನಿಗೆ ಈಗ 85. ಮಾತ್ರೆ, ಡಯಾಪರ್, ನೋಡಿಕೊಳ್ಳುವ ಹುಡುಗನ ಸಂಬಳ, ಎಲ್ಲಕ್ಕೂ ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ, ವರ್ಷಕ್ಕೊಂದು ಸಾಲು. ಎದ್ದು ತೆಗೆದು ನೋಡಿದೆ. ಕೊನೆಯ ಸಾಲು 2031. ಯಾಕೆ 2031? ಯಾವ ಡಾಕ್ಟರೂ ಹಾಗಂದಿಲ್ಲ. ಮೌಸ್ ಹಿಡಿದು ಕೆಳಗೆ ಎಳೆಯುತ್ತಿದ್ದ ನನ್ನ ಕೈ ಅಲ್ಲಿಗೆ ಬಿಟ್ಟಿದೆ, ಅಷ್ಟೇ. ಆಗ ಅಪ್ಪನಿಗೆ 90. ರಾಫ್ರೆ ಶುರು ಮಾಡಿದ ಕಡೆ ನಾನು ಮುಗಿಸಿಬಿಟ್ಟಿದ್ದೇನೆ. ಅದರ ಕೆಳಗೆ, ಇದನ್ನು ಮನೆಯಲ್ಲೂ ಹೇಳಿಲ್ಲ, ಒಂದೇ ಪದ ಟೈಪ್ ಮಾಡಿದ್ದೇನೆ: ಸೈಟ್. ಪ್ರತಿ ಹುಟ್ಟುಹಬ್ಬಕ್ಕೆ ಕಾಲಿಗೆ ಬಿದ್ದು "ನೂರು ವರ್ಷ ಇರಬೇಕು ಅಪ್ಪಾ" ಅನ್ನುವವನೂ ನಾನೇ. ಆ ವಕೀಲನಾದರೂ ಅಜ್ಜಿಗೆ ತೋರಿಸಿಯೇ ಸಹಿ ಹಾಕಿದ್ದ.

ಸರಿ ಬಿಡು, ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ನೀನು ಅಳಬೇಡ, ನಿನ್ನ ಅಳು ತಿಪಟೂರಿನಲ್ಲೇ ನೋಡಿದ್ದೇವೆ. ಈಗ ಸಾಲುಗಳನ್ನು ಅಪ್ಪನ 122ರವರೆಗೆ ಎಳೆದಿದ್ದೇನೆ. ಬೆಲೆ ಏರಿಕೆ ಬೇರೆ ಸೇರಿಸಿದ್ದರಿಂದ ಕೊನೆಕೊನೆಗೆ ಅಂಕಿ ಹಿಡಿಸದೆ ಬರೀ ಹ್ಯಾಶ್ ಗುರುತು ಬರುತ್ತಿದೆ. ಅಷ್ಟೊತ್ತಿಗೆ ನನಗೂ 93. ಆ ಹುಡುಗ ಇಬ್ಬರ ಸಂಬಳ ಕೇಳುತ್ತಾನೆ, ಗ್ಯಾರಂಟಿ.

ಭಾನುವಾರ ಬಾ. ಅಪ್ಪ ನಿನ್ನನ್ನು ವಿಚಾರಿಸುತ್ತಿದ್ದರು: "ಆ ಛತ್ರಿ ಹುಡುಗ ಇನ್ನೂ ಇದ್ದಾನೇನೋ?"