ನಟನ ಹೆಸರೂ ಇರಲಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಜಪಾನಿನ ಮರದಚ್ಚು ಚಿತ್ರಗಳ ಕುರಿತ ಲೇಖನ ಸೊಗಸಾಗಿತ್ತು. ಆದರೆ ಜಪಾನಿನ ಸಾಂಪ್ರದಾಯಿಕ ನಾಟಕ ಪ್ರಕಾರವಾದ ಕಬುಕಿಯ ನಟರ ಚಿತ್ರಗಳ ಕೆಳಗೆ ಕಲಾವಿದ ಶರಾಕುವಿನ ಹೆಸರನ್ನಷ್ಟೇ ಕೊಟ್ಟಿದ್ದು ದೊಡ್ಡ ಕೊರತೆ. ಅವುಗಳಲ್ಲೊಂದರಲ್ಲಿ ಎರಡೂ ಕೈಗಳ ಬೆರಳುಗಳನ್ನು ಅಗಲಿಸಿ, ಬಾಯಿ ಬಿಗಿದು ಮುನ್ನುಗ್ಗುವ ಆ ವ್ಯಕ್ತಿ ಅನಾಮಿಕನಲ್ಲ. ಆತ 1794ರಲ್ಲಿ ಎಡೊ (ಇಂದಿನ ಟೋಕಿಯೊ) ನಗರದ ಕವರಾಜಾಕಿ ರಂಗಮಂದಿರದಲ್ಲಿ ಎಡೊಬೆ ಎಂಬ ಸೇವಕನ ಪಾತ್ರ ವಹಿಸಿದ ಒತಾನಿ ಒನಿಜಿ ಎಂಬ ಹೆಸರು ಹೊತ್ತ ಮೂರನೆಯ ನಟ. ಅಂದಿನ ಜನ ಇಂಥ ಹಾಳೆಗಳನ್ನು ಕೊಳ್ಳುತ್ತಿದ್ದುದೇ ತಮ್ಮ ಮೆಚ್ಚಿನ ನಟರಿಗಾಗಿ. ಅವರ ಹೆಸರು ಬಿಟ್ಟರೆ ಚಿತ್ರದ ಅರ್ಧ ಜೀವವೇ ಹೋದಂತೆ.

ಅಷ್ಟೇ ಅಲ್ಲ, ಶರಾಕು ಬರೆದ ರೇಖೆಗಳನ್ನು ಚೆರ್ರಿ ಮರದ ಹಲಗೆಯಲ್ಲಿ ಕೆತ್ತಿದವರು, ಬಣ್ಣ ಬಣ್ಣಕ್ಕೂ ಬೇರೆ ಹಲಗೆಯಿಟ್ಟು ಅಚ್ಚೊತ್ತಿದವರು ಬೇರೆಯೇ ಕುಶಲಕರ್ಮಿಗಳು. ಹಿನ್ನೆಲೆಯಲ್ಲಿ ಮಿನುಗುವ ಕಾಗೆಬಂಗಾರದ ಪುಡಿ ಅವರ ಕೈಚಳಕ. ಇದಕ್ಕೆಲ್ಲ ಹಣ ಹೂಡಿದ ಪ್ರಕಾಶಕ ತ್ಸುತಾಯ ಜೂಜಬುರೊನ ಮುದ್ರೆಯಂತೂ ಹಾಳೆಯ ಮೇಲೆಯೇ ಇದೆ.

ಇನ್ನು ಮುಂದೆ ಇಂಥ ಚಿತ್ರಗಳನ್ನು ಪ್ರಕಟಿಸುವಾಗ ನಟ, ಪಾತ್ರ, ವರ್ಷ ಮತ್ತು ಪ್ರಕಾಶಕರ ವಿವರವನ್ನು ಒಂದು ಸಾಲಿನಲ್ಲಾದರೂ ದಯವಿಟ್ಟು ಕೊಡಿ. ದೊಡ್ಡ ಸಂಗ್ರಹಾಲಯಗಳ ಜಾಲತಾಣಗಳಲ್ಲಿ ಈ ಮಾಹಿತಿ ಸುಲಭವಾಗಿ ಸಿಗುತ್ತದೆ.

– ಓದುಗ, ಶಿವಮೊಗ್ಗ