ಭಾನುವಾರದ ಪದ ‘ಗೆಟ್’: ತಯಾರಾಗಿ ಬನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 7ಕ್ಕೆ ನಮ್ಮ ಇಂಗ್ಲಿಷ್ ಅಭ್ಯಾಸದ ಕಾಲ್ ಇದೆ. ಈ ಸಲ ‘ಗೆಟ್’ ತಗೊಂಡಿದ್ದೇವೆ. ಹೋದ ವಾರ ಬರದವರೂ ಸೇರಬಹುದು.

ಸಣ್ಣ ಪದ ಅಂತ ಸುಮ್ನೆ ಬಿಡಬೇಡಿ. ಇದು ಇಂಗ್ಲಿಷಿನ ಸ್ವಂತ ಪದವಲ್ಲ, ಸ್ಕ್ಯಾಂಡಿನೇವಿಯಾದ ವೈಕಿಂಗರ ಹಳೆ ನಾರ್ಸ್ ಭಾಷೆಯ ‘ಗೆಟಾ’ದಿಂದ ಬಂದದ್ದು, ಆದರೆ ಅದರ ದಾಯಾದಿಯೊಂದು ಹಳೆ ಇಂಗ್ಲಿಷಿನಲ್ಲಿ ಮೊದಲೇ ಇತ್ತು, ಅದು ಇವತ್ತಿಗೂ ‘ಫರ್ಗೆಟ್’ ಒಳಗೆ ಕೂತಿದೆ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹುಡುಕಬೇಡಿ, ಸಿಗಲ್ಲ. ಪತ್ರ ‘ಬಂತು’, ಕೆಲಸ ‘ಸಿಕ್ಕಿತು’, ಕತ್ತಲು ‘ಆಯ್ತು’, ಮಾತು ‘ಅರ್ಥವಾಯ್ತು’, ಎಲ್ಲಕ್ಕೂ ಇಂಗ್ಲಿಷಿನವರು ಇದನ್ನೇ ಬಳಸುತ್ತಾರೆ. ನಾವು ಜಾಸ್ತಿ ಎಡವುವುದು ‘ಐ ಗಾಟ್ ಮೈ ಹೇರ್ ಕಟ್’ ಥರದ ವಾಕ್ಯದಲ್ಲಿ. ಇಲ್ಲಿ ‘ಗಾಟ್’ ಮಾಡೋದು ನಮ್ಮ ‘ಮಾಡಿಸು’, ‘ಬರೆಸು’ಗಳಲ್ಲಿರುವ ‘ಇಸು’ವಿನ ಕೆಲಸ, ಅಂದರೆ ಕತ್ತರಿಸಿದವರು ಬೇರೆಯವರು. ‘ಐ ಕಟ್ ಮೈ ಹೇರ್’ ಅಂದರೆ ಕತ್ತರಿ ನಿಮ್ಮ ಕೈಲೇ ಇತ್ತು ಅಂತಾಗುತ್ತೆ!

‘ಹ್ಯಾವ್’ ಜೊತೆ ‘ಗೆಟ್’ನ ರೂಪವಾಗಿ ‘ಗಾಟನ್’ ಬಳಸಿದರೆ ತಪ್ಪಾ ಅಂತ ಇಬ್ಬರು ಕೇಳಿದ್ದರು. ತಪ್ಪಲ್ಲ, ಅಮೆರಿಕದಲ್ಲಿ ಸಾಮಾನ್ಯ, ಬ್ರಿಟನ್ನಿನಲ್ಲಿ ‘ಗಾಟ್’ ಸಾಕು.

ಮಾಡಬೇಕಾದ್ದು ಇಷ್ಟೇ: ಬೇರೆ ಬೇರೆ ಅರ್ಥದ 3 ವಾಕ್ಯ ಬರೆದು ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ‘ಗೆಟ್ ಅಪ್’ ಒಂದನ್ನೇ ಎಲ್ಲರೂ ಬರೆಯಬೇಡಿ ಪ್ಲೀಸ್. ಬರುವವರು ‘ಬರ್ತೀನಿ’ ಅಂತ ಹಾಕಿ, ಆಗಲ್ಲ ಅಂದ್ರೆ ಅದನ್ನೂ ಹೇಳಿ.