ಮಗಳಿಗೊಂದು ಪತ್ರ: ಯಾವ ಔಷಧಿ ಎಲ್ಲಿ ಹಿಡಿಯುತ್ತದೆ?

ಪ್ರೀತಿಯ ಪುಟ್ಟಿ,

ಫಾರ್ಮಕಾಲಜಿ ಪಾಠ ಶುರುವಾದ ಮೇಲೆ ನೀನು ಕೇಳಿದ ಪ್ರಶ್ನೆ ನನಗೆ ತುಂಬ ಹಿಡಿಸಿತು. "ಅಪ್ಪಾ, ಇಷ್ಟೊಂದು ಆಂಟಿಬಯಾಟಿಕ್ ಯಾಕೆ? ಎಲ್ಲದಕ್ಕಿಂತ ಸ್ಟ್ರಾಂಗ್ ಆದ ಒಂದು ಇದ್ದರೆ ಸಾಕಲ್ವಾ?" ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಇದನ್ನು ಓದು.

ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಕಷ್ಟವೇ ಅಲ್ಲ. ಕುದಿಯುವ ನೀರಿಗೂ ಹೆಚ್ಚಿನವು ಸಾಯುತ್ತವೆ. ಅದು ಹೊಕ್ಕಿರುವ ಮನುಷ್ಯನಿಗೆ ಏನೂ ಆಗದಂತೆ ಕೊಲ್ಲುವುದು ಕಷ್ಟ. ಹಾಗಾಗಿ ಪ್ರತಿ ಔಷಧಿಯ ಹೆಸರು ಬಂದಾಗಲೂ ಮೊದಲು ಇದನ್ನು ಕೇಳಿಕೋ: ಬ್ಯಾಕ್ಟೀರಿಯಾದಲ್ಲಿ ಇದ್ದು ನಮ್ಮಲ್ಲಿ ಇಲ್ಲದ ಯಾವುದನ್ನು ಇದು ಹಿಡಿಯುತ್ತದೆ?

ಗೋಡೆಯಿಂದ ಶುರು ಮಾಡೋಣ. ನಮ್ಮ ಜೀವಕೋಶಕ್ಕೆ ತೆಳು ಪೊರೆ ಅಷ್ಟೇ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಪೊರೆಯ ಹೊರಗೆ ಪೆಪ್ಟಿಡೋಗ್ಲೈಕನ್ ಎಂಬ ಗಟ್ಟಿ ಹೆಣಿಗೆ ಇರುತ್ತದೆ. ಒಳಗಿನ ಒತ್ತಡ ಜಾಸ್ತಿ, ಗೋಡೆ ಸಡಿಲವಾದರೆ ನೀರು ನುಗ್ಗಿ ಒಡೆದೇ ಹೋಗುತ್ತದೆ. ಬೆಳೆಯುವಾಗ ಅದು ಹಳೆಯ ಎಳೆಗಳನ್ನು ಅಲ್ಲಲ್ಲಿ ಬಿಚ್ಚುತ್ತಾ, ಹೊಸದನ್ನು ಸೇರಿಸುತ್ತಾ ಇರಬೇಕು. ಸೇರಿಸುವ ಕಿಣ್ವಕ್ಕೆ ಪೆನಿಸಿಲಿನ್ ಅಂಟಿಕೊಂಡುಬಿಡುತ್ತದೆ. ಬಿಚ್ಚುವ ಕೆಲಸ ನಡೆಯುತ್ತಲೇ ಇರುತ್ತದೆ, ಸೇರಿಸುವುದು ಮಾತ್ರ ನಿಂತುಹೋಗುತ್ತದೆ. ಅಂದರೆ ಬ್ಯಾಕ್ಟೀರಿಯಾ ತನ್ನ ಬೆಳವಣಿಗೆಯಿಂದಲೇ ಸಾಯುತ್ತದೆ! ನನಗೆ ಇಡೀ ವೈದ್ಯಶಾಸ್ತ್ರದಲ್ಲೇ ಇದು ಬಹಳ ಇಷ್ಟವಾದ ಸಂಗತಿ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಮೆರೊಪೆನೆಮ್ ಎಲ್ಲವೂ ಇದೇ ಬೀಟಾ-ಲ್ಯಾಕ್ಟಮ್ ಕುಟುಂಬ.

ವ್ಯಾಂಕೊಮೈಸಿನ್ ಕೂಡ ಗೋಡೆಯನ್ನೇ ತಡೆಯುತ್ತದೆ, ಆದರೆ ಕಿಣ್ವವನ್ನು ಬಿಟ್ಟು ಗೋಡೆಗೆ ಬೇಕಾದ ಸಾಮಗ್ರಿಯನ್ನೇ ಹಿಡಿದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ದೊಡ್ಡ ಸೋಂಕಿಗೆ ಕೊಡುವ ಔಷಧಿ ಅದು. ಆದರೂ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಮುಂದೆ ನಡೆಯುವುದಿಲ್ಲ. ಅದು ಸೇರಿದ ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆ ಇದೆ, ಇಷ್ಟು ದೊಡ್ಡ ಅಣು ಅದನ್ನು ದಾಟಲಾರದು. ಇನ್ನು ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಗೆ ಗೋಡೆಯೇ ಇಲ್ಲ. ಅದರಿಂದ ಬಂದ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಎಷ್ಟು ಕೊಟ್ಟರೂ ಸುಮ್ನೆ. ಸ್ಟ್ರಾಂಗ್ ಅನ್ನುವ ಮಾತಿಗೆ ಇಲ್ಲಿ ಅರ್ಥವೇ ಉಳಿಯುವುದಿಲ್ಲ, ನೋಡು.

ಅಲ್ಲಿ ಅಜಿತ್ರೊಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಬೇಕು. ಇವು ಪ್ರೋಟೀನ್ ತಯಾರಾಗುವ ರೈಬೋಸೋಮನ್ನು ತಡೆಯುತ್ತವೆ. ರೈಬೋಸೋಮ್ ನಮ್ಮಲ್ಲೂ ಇದೆ, ಆದರೆ ರಚನೆ ಬೇರೆ: ನಮ್ಮದು 80ಎಸ್, ಅವುಗಳದ್ದು 70ಎಸ್ (ಎಸ್ ಅಂದರೆ ದ್ರವದಲ್ಲಿ ಎಷ್ಟು ಬೇಗ ತಳಕ್ಕಿಳಿಯುತ್ತದೆ ಅನ್ನುವ ಅಳತೆ). ಡಾಕ್ಸಿಸೈಕ್ಲಿನ್, ಜೆಂಟಾಮೈಸಿನ್ ಅದರ ಚಿಕ್ಕ ಭಾಗವನ್ನು ಹಿಡಿಯುತ್ತವೆ, ಅಜಿತ್ರೊಮೈಸಿನ್ ದೊಡ್ಡ ಭಾಗವನ್ನು. ನಮ್ಮ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ರೈಬೋಸೋಮ್ ಮಾತ್ರ ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತದೆ. ರೈಬೋಸೋಮನ್ನೇ ತಡೆಯುವ ಇನ್ನೊಂದು ಔಷಧಿ ಲಿನೆಜೊಲಿಡ್ ಹೆಚ್ಚು ದಿನ ಕೊಟ್ಟರೆ ರಕ್ತಕಣಗಳು ಕಡಿಮೆಯಾಗಲು ಅದೂ ಒಂದು ಕಾರಣ.

ಸಿಪ್ರೊಫ್ಲಾಕ್ಸಸಿನ್ ಡಿಎನ್‌ಎ ಸುರುಳಿ ಬಿಡಿಸುವ ಗೈರೇಸ್ ಕಿಣ್ವವನ್ನು ಕೆಡಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಆರ್‌ಎನ್‌ಎ ತಯಾರಿಯನ್ನು ನಿಲ್ಲಿಸುತ್ತದೆ. ಇವೆರಡು ನಿನಗೆ ಪುಸ್ತಕದಲ್ಲೇ ಚೆನ್ನಾಗಿ ಸಿಗುತ್ತವೆ.

ಸಲ್ಫಾ ಔಷಧಿಗಳ ಕತೆ ಮಾತ್ರ ನಾನೇ ಹೇಳಬೇಕು. ಜರ್ಮನಿಯಲ್ಲಿ ಗೆರ್ಹಾರ್ಡ್ ಡೊಮಾಕ್ ಎಂಬ ವಿಜ್ಞಾನಿ ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ಮೇಲೆ ಕೆಲಸ ಮಾಡುತ್ತಿದ್ದರು. 1935ರ ಕೊನೆಯಲ್ಲಿ ಅವರ ಪುಟ್ಟ ಮಗಳು ಹಿಲ್ಡೆಗಾರ್ಡ್‌ಳ ಕೈಗೆ ಸೂಜಿ ಚುಚ್ಚಿ, ಸೋಂಕು ಏರಿ, ಕೈಯನ್ನೇ ತೆಗೆಯಬೇಕು ಅನ್ನುವ ಮಾತು ಬಂತು. ಅಪ್ಪ ತನ್ನ ಔಷಧಿಯನ್ನೇ ಕೊಟ್ಟರು. ಕೈಯೂ ಉಳಿಯಿತು, ಮಗಳೂ ಉಳಿದಳು. ಮಗಳಿರುವ ಯಾರಿಗೂ ಇದನ್ನು ಸಲೀಸಾಗಿ ಓದಿ ಮುಗಿಸಲು ಆಗುವುದಿಲ್ಲ.

ಗಾಜಿನ ನಳಿಕೆಯಲ್ಲಿ ಪ್ರೊಂಟೊಸಿಲ್ ಏನೂ ಮಾಡುತ್ತಿರಲಿಲ್ಲ. ದೇಹದೊಳಗೆ ಹೋದ ಮೇಲೆ ಅದು ಒಡೆದು ಸಲ್ಫನಿಲಮೈಡ್ ಆಗುತ್ತದೆ, ಕೆಲಸ ಮಾಡುವುದು ಅದು. ಬ್ಯಾಕ್ಟೀರಿಯಾ ತನಗೆ ಬೇಕಾದ ಫೋಲೇಟ್ ಎಂಬ ಬಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಬೇಕು. ನಾವು ಊಟದಿಂದ ಪಡೆಯುತ್ತೇವೆ. ಸಲ್ಫಾ ಆ ತಯಾರಿಯನ್ನು ತಡೆಯುತ್ತದೆ, ಟ್ರೈಮೆಥೊಪ್ರಿಮ್ ಅದರ ಮುಂದಿನ ಹಂತವನ್ನು ತಡೆಯುತ್ತದೆ. ಅದಕ್ಕೇ ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸುತ್ತಾರೆ.

ಈಗ ನೆಗಡಿಯ ವೈರಸ್‌ಗೆ ಈ ಪ್ರಶ್ನೆ ಹಾಕಿ ನೋಡು. ಗೋಡೆ ಇಲ್ಲ, ತನ್ನದೇ ರೈಬೋಸೋಮ್ ಇಲ್ಲ, ಫೋಲೇಟ್ ತಯಾರಿಯೂ ಇಲ್ಲ. ಯಾವ ಆಂಟಿಬಯಾಟಿಕ್ ಏನನ್ನು ಹಿಡಿಯಬೇಕು?

ಕೊನೆಯದಾಗಿ ಎಂಆರ್‌ಎಸ್‌ಎ. ಮೆಥಿಸಿಲಿನ್ ಎಂಬ ಬೀಟಾ-ಲ್ಯಾಕ್ಟಮ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಇದು. ಗೋಡೆ ಕಟ್ಟಲು ಬೇರೊಂದು ಕಿಣ್ವವನ್ನು ಪಡೆದುಕೊಂಡಿದೆ, ಬಹುತೇಕ ಬೀಟಾ-ಲ್ಯಾಕ್ಟಮ್‌ಗಳು ಅದಕ್ಕೆ ಅಂಟುವುದೇ ಇಲ್ಲ. ಹಾಗಾಗಿ ಅಮಾಕ್ಸಿಸಿಲಿನ್ ಬಿಟ್ಟು ಮೆರೊಪೆನೆಮ್‌ಗೆ ಏರಿದರೂ ಉಪಯೋಗವಿಲ್ಲ. ಆಗ ಡಾಕ್ಟರು ವ್ಯಾಂಕೊಮೈಸಿನ್ ಹಾಕಬಹುದು, ಇಲ್ಲವೇ ಗೋಡೆಯನ್ನು ಬಿಟ್ಟು ರೈಬೋಸೋಮ್ ಹಿಡಿಯುವ ಲಿನೆಜೊಲಿಡ್‌ಗೆ ಹೋಗಬಹುದು. ವ್ಯಾಂಕೊಮೈಸಿನ್ ಗೋಡೆಯನ್ನೇ ತಡೆದರೂ ಇಲ್ಲಿ ಯಾಕೆ ಕೆಲಸ ಮಾಡುತ್ತದೆ? ಉತ್ತರ ಮೇಲೆಯೇ ಇದೆ. ಹುಡುಕಿ ನನಗೆ ಬರೆ.

ನಿನ್ನ ಪ್ರೀತಿಯ
ಅಪ್ಪ